ಅಟ್ಟದ ಮೇಲಿನ ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗಿರುವಷ್ಟು ಪರಸ್ಪರ ವಿರುದ್ಧವಾದ ಅರ್ಥಗಳು ಬೇರೊಂದು ಮಾತಿಗೆ ಇರಲಾರವು. ವೈದ್ಯರು ಕೊಡುವುದೂ ಮದ್ದು. ಆಗದವರು ಊಟದಲ್ಲಿ ಬೆರೆಸಿ ಇಕ್ಕುವರೆಂದು ನಮ್ಮ ಅಜ್ಜಿಯಂದಿರು ಹೆದರುತ್ತಿದ್ದುದೂ ಮದ್ದು. ಕೋವಿಯ ನಳಿಕೆಗೆ ಸುರಿಯುವ ಕಪ್ಪು ಪುಡಿಯೂ ಮದ್ದು. ತರಗತಿಯಲ್ಲಿ ಈ ಮಾತನ್ನೆತ್ತಿ ಹುಡುಗರನ್ನು ನಗಿಸುವುದು ನನ್ನ ಹಳೆಯ ಅಭ್ಯಾಸ. ಕಳೆದ ಬೇಸಗೆಯ ರಜೆಯಲ್ಲಿ ಮಾತ್ರ ಮೂರನೆಯ ಮದ್ದು ನನ್ನ ನಗೆಯನ್ನೇ ಅಡಗಿಸಿತು.

ನನ್ನ ಸೋದರಮಾವನ ತೋಟವಿರುವುದು ಚಿಕ್ಕನಾಯಕನಹಳ್ಳಿಗೆ ಎರಡು ಹರದಾರಿ ದೂರದ ಹಳ್ಳಿಯಲ್ಲಿ. ಆ ಸೀಮೆಯ ಎಲ್ಲರಂತೆ ಅವರೂ ಕಾಯಿಗಳನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಕಳುಹಿಸುವವರು. ಆದರೆ ಕಾಯಿ ಅಟ್ಟವನ್ನೇರುವ ಮುನ್ನ ಅದಕ್ಕೆ ಪಾಲುದಾರರು ಬಹಳ. ಎಳನೀರಿರುವಾಗ ಕೋತಿ, ಸಸಿಯಿರುವಾಗ ಕಾಡುಹಂದಿ. ಇವುಗಳನ್ನು ಬೆದರಿಸಲೆಂದು ಮಾವನ ತಂದೆಯ ಕಾಲದಿಂದ ಒಂದು ಕೇಪಿನ ಕೋವಿ ಪಡಸಾಲೆಯ ಗೂಟಕ್ಕೆ ತೂಗಿಕೊಂಡಿದೆ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರನ್ನು ತುರುಕಿ, ಗಜದಿಂದ ಜಡಿದು, ಕೇಪನ್ನಿಟ್ಟು ಹೊಡೆಯುವ ಹಳೆಯ ಕೋವಿ. ಕೊಲ್ಲುವುದಕ್ಕಲ್ಲ, ಸದ್ದಿಗೆ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಕಂಡ ಪ್ರಾಣಿಯನ್ನು ಕೊಲ್ಲುವ ಕಾಲ ಮುಗಿಯಿತೆಂಬುದನ್ನು ಮಾವ ಬಲ್ಲರು.

ಇಂಥ ಕೋವಿಗೆ ಸರ್ಕಾರದ ದಾಕ್ಷಿಣ್ಯವೂ ಉಂಟು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಪ್ರಕರಣದಲ್ಲಿ ಬೆಳೆಯ ರಕ್ಷಣೆಗೆ ನಿಜವಾಗಿ ಬೇಕಾದ ಬಾಯಿತುಂಬುವ ಕೋವಿಯನ್ನು ಹೆಸರಿಟ್ಟು ಹೇಳಿದ್ದಾರೆ. ಅದು ಸಾಲದೆಂದು ಅಧಿಕಾರಿಗೆ ತೋರಿದರೆ ಮಾತ್ರ ಬೇರೆ ಕೋವಿಯ ಮಾತು. ರೈತನ ಕೋವಿ ಎಂದರೆ ಇದೇ ಎಂದು ಕಾನೂನೇ ಒಪ್ಪಿಕೊಂಡಂತಾಯಿತು. ಆದರೆ ಆ ಕೋವಿಯ ಹೊಟ್ಟೆಗೆ ಏನು ಹಾಕಬೇಕು?

“ನೋಡಪ್ಪ ಮೇಷ್ಟ್ರೇ, ಕೋವಿಗೆ ಲೈಸೆನ್ಸ್ ಐತೆ, ಮದ್ದಿಗೆ ಗತಿ ಇಲ್ಲ” ಎಂದರು ಮಾವ, ನಾನು ಹೋದ ದಿನವೇ. ಮೂರು ಸಲ ಬಸ್ಸು ಹತ್ತಿ ಪಟ್ಟಣದ ಕೋವಿಯ ಅಂಗಡಿಗೆ ಹೋಗಿ ಬಂದಿದ್ದರಂತೆ. “ಮಾಲು ಬಂದಿಲ್ಲ, ಮುಂದಿನ ತಿಂಗಳು ಬನ್ನಿ” ಎಂಬುದೇ ಮೂರು ಸಲವೂ ಸಿಕ್ಕಿದ ಉತ್ತರ. ಅಂಗಡಿಯವನನ್ನು ಬಯ್ದು ಫಲವಿಲ್ಲ. ಈಗಿನವರೆಲ್ಲ ತೋಟಾ ಕೋವಿಯವರು. ಬಿಡಿ ಮದ್ದು ಕೇಳುವವರು ವರ್ಷಕ್ಕೆ ನಾಲ್ಕು ಮಂದಿ. ಅದನ್ನಿಟ್ಟುಕೊಳ್ಳಲು 1884ರ ಸ್ಫೋಟಕ ಕಾಯಿದೆಯಂತೆ ಬೇರೆ ಪರವಾನಗಿ, ಬೇರೆ ಜಾಗ, ಬೇರೆ ಲೆಕ್ಕದ ಪುಸ್ತಕ. ನಾಲ್ಕು ಮಂದಿಗಾಗಿ ಇಷ್ಟು ಕಷ್ಟವನ್ನು ಯಾವ ವ್ಯಾಪಾರಿ ಹೊತ್ತಾನು?

ಆ ಸಂಜೆ ಮಾವ ಜಗಲಿಯ ಮೇಲೆ ಪತ್ರಿಕೆ ಹಾಸಿ ಅದರ ಮೇಲೆ ನಾಲ್ಕು ಪೊಟ್ಟಣಗಳನ್ನು ಸಾಲಾಗಿ ಇಟ್ಟರು. ಒಂದು, ದೀಪಾವಳಿಯ ಪಟಾಕಿಯನ್ನು ಬಿಚ್ಚಿ ತೆಗೆದ ಪುಡಿ. ಎರಡು, ಬೆಂಕಿಕಡ್ಡಿಯ ತಲೆಗಳನ್ನು ಕೆರೆದದ್ದು. ಮೂರು, ನೆಂಟರೊಬ್ಬರ ತೋಟೆಯಿಂದ ಸುರಿದದ್ದು. ನಾಲ್ಕು, ಅಟ್ಟದ ಮೇಲೆ ಕೊಬ್ಬರಿಯ ಪಕ್ಕದಲ್ಲಿ ಹಳೆಯ ಕೊಂಬಿನಲ್ಲಿ ಉಳಿದಿದ್ದ ತಾತನ ಕಾಲದ ಮದ್ದು. ತೇವ ಕುಡಿದು ಬೆಲ್ಲದಂತೆ ಗಡ್ಡೆಕಟ್ಟಿತ್ತು.

“ಎಂ.ಎ. ಓದಿದೋನು ನೀನು. ಇದರಾಗೆ ಯಾವುದು ಮೇಲು ಹೇಳು.”

ನಾನು ಓದಿದ್ದು ಕನ್ನಡ ಎಂ.ಎ. ಪಂಪನ ವೃತ್ತವನ್ನು ಬಿಡಿಸಿಯೇನು, ಪಟಾಕಿಯನ್ನು ಬಿಡಿಸಲಾರೆ. “ನಾಳೆಯವರೆಗೆ ಯಾವುದನ್ನೂ ಮುಟ್ಟಬೇಡಿ ಮಾವ” ಎಂದು ಕೈಮುಗಿದು, ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ಫೋನು ಮಾಡಿದೆ. ಅವರು ಹೇಳಿದುದನ್ನೂ ಅನಂತರ ನಾನು ಓದಿ ತಿಳಿದುದನ್ನೂ ಇಲ್ಲಿ ಬರೆಯುತ್ತಿರುವುದು, ಇಂಥ ಪೊಟ್ಟಣಗಳು ಬೇರೆ ಜಗಲಿಗಳ ಮೇಲೂ ಇರಬಹುದೆಂಬ ಭಯದಿಂದ.

ಕೋವಿಯ ಮದ್ದಿನ ಹೂರಣ ಮೂರೇ: ಪೆಟ್ಲುಪ್ಪು, ಇದ್ದಿಲು, ಗಂಧಕ. ಮುಕ್ಕಾಲು ಪಾಲು ಪೆಟ್ಲುಪ್ಪು. ಇದ್ದಿಲೆಂದಾಗ ತೆಂಗಿನ ಸೀಮೆಯವನಾದ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಚಿಪ್ಪಿನ ಇದ್ದಿಲಿಗೆ ಲೋಕವಿಖ್ಯಾತಿಯಿದೆ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಿಲನ್ನೇ ತುಂಬಿದರು. ಆದರೆ ಕೋವಿಯ ಮದ್ದಿಗೆ ಅದು ಬಲು ಗಟ್ಟಿ. ಯುರೋಪಿನವರು ವಿಲೋ ಮೊದಲಾದ ಹಗುರ ಮರಗಳನ್ನು ಸುಟ್ಟರೆ, ನಮ್ಮ ದೇಶದ ಮದ್ದಿನ ಕಾರ್ಖಾನೆಗಳಲ್ಲಿ ತೊಗರಿ ಕಡ್ಡಿಯ ಇದ್ದಿಲು ಹೆಸರಾಯಿತು. ಕಲ್ಕತ್ತೆಯ ಬಳಿಯ ಇಶಾಪುರದಲ್ಲಿ ಕಂಪೆನಿ ಸರ್ಕಾರದ ಮದ್ದಿನ ಕಾರ್ಖಾನೆ 1791ರಲ್ಲಿ ಕೆಲಸ ಆರಂಭಿಸಿತು. ನಾವು ಒಲೆಗೆ ಹಾಕುವ ಕಡ್ಡಿ ಒಂದು ಕಾಲಕ್ಕೆ ಫಿರಂಗಿಯ ಬಾಯಿಂದ ಮಾತಾಡಿತ್ತು!

ಹೂರಣದಷ್ಟೇ ಮುಖ್ಯವಾದುದು ಕಾಳಿನ ಗಾತ್ರ. ನುಚ್ಚಿಗೂ ಹಿಟ್ಟಿಗೂ ಇರುವ ವ್ಯತ್ಯಾಸದಂತೆ ಮದ್ದಿನಲ್ಲಿಯೂ ದರ್ಜೆಗಳುಂಟು. ಕಾಳು ದಪ್ಪವಾದಷ್ಟೂ ಉರಿ ನಿಧಾನ, ಸಣ್ಣದಾದಷ್ಟೂ ಚುರುಕು. ಮೈಸೂರು ದಸರೆಯಲ್ಲಿ 21 ಕುಶಾಲತೋಪು ಹಾರಿಸುವುದನ್ನು ಕಂಡವರಿಗೆ ಫಿರಂಗಿಯ ಪರಿಚಯವುಂಟು. ಅಂಥ ಅಗಲ ಬಾಯಿಗೆ ದಪ್ಪ ಕಾಳು, ಹೆಗಲ ಕೋವಿಗೆ ನಡುತರದ್ದು, ಕಿವಿಯಲ್ಲಿಡುವ ರಂಜಕಕ್ಕೆ ನುಣುಪಾದದ್ದು. ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಹಳೆಯ ಕೋವಿ ಹಿಡಿಯುವವರು ಎಫ್ ಎಂಬ ಅಕ್ಷರವನ್ನು ಒಂದು, ಎರಡು, ಮೂರು, ನಾಲ್ಕು ಸಲ ಬರೆದ ಡಬ್ಬಿಗಳಲ್ಲಿ ತಮಗೆ ಬೇಕಾದುದನ್ನು ಆರಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ. ಸಾಗಣೆಗೂ ದಾಸ್ತಾನಿಗೂ ಅಷ್ಟು ತೊಡಕಿಲ್ಲದ ಪೈರೊಡೆಕ್ಸ್ ಎಂಬ ಬದಲಿ ಮದ್ದೂ 1970ರ ದಶಕದಲ್ಲಿ ಅಲ್ಲಿ ಬಂದಿತು. ಅವರದು ಯಾವುದು ಉತ್ತಮವೆಂಬ ಚರ್ಚೆ. ನಮ್ಮದು ಇದೆಯೋ ಇಲ್ಲವೋ ಎಂಬ ಚಿಂತೆ. ಇಲ್ಲವೆಂಬ ಚಿಂತೆಯೇ ಮನುಷ್ಯನನ್ನು ಆ ನಾಲ್ಕು ಪೊಟ್ಟಣಗಳ ಬಳಿಗೆ ಒಯ್ಯುವುದು.

ಮಿತ್ರರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ಕೋವಿಗೆ ಬೇಕಾದುದು ಸಿಡಿತವಲ್ಲ, ನೂಕು.” ಸರಿಯಾದ ಮದ್ದು ಉರಿಯುತ್ತ ಹೋಗಿ ಹೊಗೆಯನ್ನು ಹಿಗ್ಗಿಸಿ ಮುಂದಕ್ಕೆ ನೂಕುತ್ತದೆ. ಅಲ್ಯೂಮಿನಿಯಂ ಪುಡಿ ಬೆರೆತ ಪಟಾಕಿಯ ಮಸಾಲೆ ನೂಕುವುದಿಲ್ಲ, ಒಡೆಯುತ್ತದೆ. ಬೆಂಕಿಕಡ್ಡಿಯ ತಲೆಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟು ಉಜ್ಜಿದರೆ ಹೊತ್ತಿಕೊಳ್ಳಲೆಂದೇ ಹುಟ್ಟಿದುದು; ಗಜದಿಂದ ಜಡಿಯುವಾಗಲೇ ಅದು ತನ್ನ ಧರ್ಮವನ್ನು ನಡೆಸೀತು. ತೋಟೆಯೊಳಗಿನದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ವಿಜ್ಞಾನಿ ಕಂಡುಹಿಡಿದ ಬಗೆಯದು. ಅಳತೆಯಲ್ಲಿ ಕಪ್ಪು ಮದ್ದಿನಷ್ಟೇ ಸುರಿದರೆ ಅದು ಹುಟ್ಟಿಸುವ ಒತ್ತಡವನ್ನು ತಾತನ ಕಾಲದ ನಳಿಕೆ ತಾಳಲಾರದು. ಇನ್ನು ಕೊಂಬಿನ ಹಳೆಯ ಮದ್ದು? ತೇವಕ್ಕೆ ಪೆಟ್ಲುಪ್ಪು ಕರಗಿ ಬೇರೆಯಾಗಿರುತ್ತದೆ. ಒಣಗಿಸಿ ಕುಟ್ಟಿದರೆ ಒಂದು ಚಿಟಿಕೆ ಉರಿಯದು, ಇನ್ನೊಂದು ಚಿಟಿಕೆ ಕುಟ್ಟುವ ಕೈಯನ್ನೇ ಸುಟ್ಟೀತು. ಮನೆಯಲ್ಲೇ ಹೊಸ ಮದ್ದು ಮಾಡೋಣವೆಂದರೆ ಅದು ಅಪಾಯವಷ್ಟೇ ಅಲ್ಲ, ಅಪರಾಧ.

ಮರುದಿನ ಬೆಳಗ್ಗೆ ಇದನ್ನೆಲ್ಲ ಮಾವನಿಗೆ ಒಪ್ಪಿಸುತ್ತಿದ್ದಾಗ ಅವರ ದಾಯಾದಿ ಅಣ್ಣ ಬಂದು ಜಗಲಿಯ ಮೇಲೆ ಕುಳಿತರು. ಅತ್ತೆ ಕಾಫಿ ತಂದರು. ಅವರು ಲೋಟವನ್ನು ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದುಕೊಂಡರು. ಉಳಿದ ಬೆರಳುಗಳಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಕೈ. ಎಂದೂ ಕಾರಣ ಕೇಳಿರಲಿಲ್ಲ. ಅವರು ಪೊಟ್ಟಣಗಳ ಕಡೆ ನೋಡಿದರು. ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟು, ಎರಡನೆಯ ಪೊಟ್ಟಣವನ್ನು ತೋರಿಸಿ, “ನಂದು ಇದೇ ಕಣಪ್ಪ” ಎಂದರು. ಮತ್ತೇನೂ ಹೇಳಲಿಲ್ಲ.

ನನ್ನ ರಸಾಯನಶಾಸ್ತ್ರವನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ ಮಾವ ಆ ಮೂರು ಮಾತಿಗೆ ಎದ್ದರು. ಎದ್ದು ಪೊಟ್ಟಣಗಳಿಗೆ ಕೈ ಚಾಚಿದಾಗ ನಾನೇ ತಡೆದೆ. ಮಿತ್ರರ ಸಲಹೆಯಂತೆ ಅವನ್ನು ಕದಲಿಸದೆ ಪೊಲೀಸು ಠಾಣೆಗೆ ತಿಳಿಸಿ, ಬಲ್ಲವರ ಕೈಯಿಂದಲೇ ವಿಲೇವಾರಿ ಮಾಡಿಸಿದ್ದಾಯಿತು. ಅತ್ತೆಯ ಸಂತೋಷ ಹೇಳತೀರದು. ಕೊಬ್ಬರಿಯಂಥ ಎಣ್ಣೆಯ ಪದಾರ್ಥದ ಮಗ್ಗುಲಲ್ಲಿ ಮದ್ದಿನ ಕೊಂಬನ್ನಿಟ್ಟು, ಅದರ ಕೆಳಗೆ ಒಲೆ ಹೊತ್ತಿಸುತ್ತ ಅವರು ಮೂವತ್ತು ವರ್ಷ ಕಳೆದಿದ್ದರು! ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿದವರು ನೆನೆಯಬಹುದು: ಅರ್ಧ ನೆಲದೊಳಗೆ, ದಪ್ಪ ಗೋಡೆಯ ತಂಪಿನಲ್ಲಿ ಅವನ್ನು ಕಟ್ಟಿದ್ದಾರೆ. ಅವುಗಳಲ್ಲೊಂದನ್ನು 2017ರಲ್ಲಿ ರೈಲುಹಾದಿಗಾಗಿ ಇಡಿಯಾಗಿ ಎತ್ತಿ ಬೇರೆಡೆಗೆ ಸಾಗಿಸಿದರು. ಸೈನ್ಯವುಳ್ಳ ದೊರೆಯೇ ಮದ್ದಿಗೆ ಬೇರೆ ಮನೆ ಕಟ್ಟಿಸಿದ್ದನೆಂದರೆ, ನಾವು ಅದನ್ನು ಅಟ್ಟದ ಮೇಲೆ ಸಾಕಬಹುದೆ?

ಈಗ ಮಾವನ ಕೋವಿ ಬಿಸಿನೀರಿನಲ್ಲಿ ತೊಳೆಸಿಕೊಂಡು, ಎಣ್ಣೆ ಒರೆಸಿಕೊಂಡು, ಬರಿ ಹೊಟ್ಟೆಯಲ್ಲಿ ಗೂಟಕ್ಕೆ ತೂಗುತ್ತಿದೆ. ತೋಟದಲ್ಲಿ ಖಾಲಿ ತಗಡಿನ ಡಬ್ಬ ಮತ್ತು ಒಂದು ನಾಯಿ ಕಾವಲಿಗಿವೆ. ಕೋತಿಗಳು ಡಬ್ಬಕ್ಕೆ ಒಂದು ವಾರ ಹೆದರಿದವು, ಎರಡನೆಯ ವಾರ ಹೆದರಲಿಲ್ಲ. ಈ ನಷ್ಟ ಸುಳ್ಳಲ್ಲ. ಸುತ್ತಲಿನ ಹಳ್ಳಿಗಳ ಲೈಸೆನ್ಸುದಾರರೆಲ್ಲ ಕೂಡಿ, ತಮಗೆ ವರ್ಷಕ್ಕೆ ಬೇಕಾಗುವ ಮದ್ದು ಇಷ್ಟೆಂದು ಒಟ್ಟಾಗಿ ಬರೆದುಕೊಟ್ಟರೆ, ನಾಲ್ಕು ಮಂದಿಯ ಗಿರಾಕಿ ನಲವತ್ತಾದಾನು. ವ್ಯಾಪಾರಿಗೂ ತರಿಸುವ ಮನಸ್ಸಾದೀತು. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಎಂ.ಎ. ಅಷ್ಟಕ್ಕಾದರೂ ಒದಗಿತು.

ಮದ್ದು ಬರುವವರೆಗೆ ಕಾಯಬೇಕು. ಕಾಯಿಲೆಗೆ ಸರಿಯಾದ ಮದ್ದು ಸಿಗಲಿಲ್ಲವೆಂದು ಕೈಗೆ ಸಿಕ್ಕಿದುದನ್ನು ಮಗುವಿಗೆ ಕುಡಿಸುವ ತಾಯಿಯುಂಟೆ? ಕೋವಿಗೂ ಅದೇ ನ್ಯಾಯ. ಕೋತಿ ತಿಂದ ಎಳನೀರು ಮುಂದಿನ ಗೊನೆಯಲ್ಲಿ ಮತ್ತೆ ಬಂದೀತು. ಬೆರಳು ಯಾವ ಗೊನೆಯಲ್ಲಿಯೂ ಬಿಡುವುದಿಲ್ಲ.