ಮನೆ ಸೊಸೆಯ ಹೆಸರಿಗೆ, ಜಾಗ ಮಾವನ ಹೆಸರಿಗೆ

ವಸತಿ ಯೋಜನೆ ಪಟ್ಟಿಯಲ್ಲಿ ಹೆಸರು ಬಂದರೆ ಮನೆ ಬಂದ ಹಾಗೆ ಅಂತ ಹೊರಗಿನವರು ತಿಳಿದಿದ್ದಾರೆ. ಮಾನ್ವಿ-ಸಿಂಧನೂರು ರಸ್ತೆಯ ಪೋತ್ನಾಳದಲ್ಲೋ ಸುತ್ತಲಿನ ಹಳ್ಳಿಗಳಲ್ಲೋ ಕೇಳಿ ನೋಡಿ, ಓಡಾಟ ಶುರುವಾಗುವುದೇ ಹೆಸರು ಬಂದ ಮೇಲೆ. 'ಜಾಗ ನಿಮ್ಮದು ಅನ್ನೋದಕ್ಕೆ ಏನೈತಿ?' ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ದಿನಗೂಲಿ ಕಳೆದುಹೋಗುತ್ತದೆ.

ಬಸವ ವಸತಿ, ಅಂಬೇಡ್ಕರ್ ನಿವಾಸ್, ಪ್ರಧಾನಮಂತ್ರಿ ಆವಾಸ್ ಯಾವುದೇ ಇರಲಿ, ಹಣ ಸಿಗುವುದು ಜಾಗ ತೋರಿಸಿದವರಿಗೆ. ಹಕ್ಕುಪತ್ರ ಬೇಕು, ಇಲ್ಲವೇ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಸರ್ಕಾರದ ದುಡ್ಡು ತಕರಾರಿನ ಜಾಗದಲ್ಲಿ ಹೂತುಹೋಗಬಾರದು ಎಂಬುದನ್ನು ನಾವೂ ಒಪ್ಪುತ್ತೇವೆ. ನಮ್ಮ ತಕರಾರು ಇರುವುದು ಪುರಾವೆಯ ಭಾರವನ್ನು ಯಾರ ತಲೆಗೆ ಹೊರಿಸಿದ್ದಾರೆ ಎಂಬುದರಲ್ಲಿ.

ನಮೂನೆ 9 ಕೊಡುವುದು ಗ್ರಾಮ ಪಂಚಾಯಿತಿ. ಅದನ್ನು ಕೇಳುವುದೂ ಗ್ರಾಮ ಪಂಚಾಯಿತಿ. ಆಸ್ತಿ ವಹಿ ಅವರ ಬಳಿಯೇ ಇದೆ, ಮನೆ ತೆರಿಗೆ ಕಟ್ಟಿಸಿಕೊಂಡವರೂ ಅವರೇ. ಆದರೂ ಒಂದೇ ಕಚೇರಿಯ ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಕಾಗದ ಹೊರುವ ಕೆಲಸ ಕೂಲಿಯವರದು.

ಇನ್ನೊಂದು ತೊಡಕು ಇದಕ್ಕಿಂತ ಹಳೆಯದು. ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೆ, ಅದು ಒಳ್ಳೆಯ ನಿಯಮ. ಜಾಗ ಮಾತ್ರ ಮಾವನ ಹೆಸರಲ್ಲೋ, ತೀರಿಹೋದ ಅಜ್ಜನ ಹೆಸರಲ್ಲೋ ಇರುತ್ತದೆ. ವಂಶವೃಕ್ಷ, ಮರಣ ಪತ್ರ, ಅಣ್ಣತಮ್ಮಂದಿರ ಸಹಿ ಎಲ್ಲ ಆಗಬೇಕು. ಒಬ್ಬ ಮೈದುನ ದುಡಿಯಲು ಬೆಂಗಳೂರಿಗೆ ಹೋಗಿದ್ದರೆ ಸಹಿಗೆ ಹಬ್ಬದ ತನಕ ಕಾಯಬೇಕು. ಕೊಟ್ಟ ಗಡುವು ಹಬ್ಬ ನೋಡಿಕೊಂಡು ಬರುವುದಿಲ್ಲ.

ಅಮೆರಿಕದಲ್ಲಿ ಬಡವರಿಗೆ ಬಾಡಿಗೆ ಮನೆ ಕಟ್ಟುವ ಬಿಲ್ಡರುಗಳಿಗೆ 1986ರ ಕಾನೂನಿನಿಂದ ತೆರಿಗೆ ರಿಯಾಯಿತಿ ಸಿಗುತ್ತಿದೆ. ಅಲ್ಲಿಯೂ ಅರ್ಜಿ ಹಾಕುವಾಗಲೇ ಜಾಗ ಹಿಡಿತದಲ್ಲಿದೆ ಎಂದು ತೋರಿಸಬೇಕು. ಆದರೆ ಕ್ರಯಪತ್ರವೇ ಆಗಬೇಕೆಂದಿಲ್ಲ. ಖರೀದಿ ಕರಾರು, ದೀರ್ಘಾವಧಿ ಗುತ್ತಿಗೆ, ಇಂತಿಷ್ಟು ದಿನದೊಳಗೆ ಇವರಿಗೇ ಮಾರುತ್ತೇನೆಂಬ ಒಪ್ಪಂದ ಕೂಡ ಸಾಮಾನ್ಯವಾಗಿ ನಡೆಯುತ್ತದೆ. ದೊಡ್ಡ ಬಂಡವಾಳದ ಬಿಲ್ಡರಿಗೆ ಸಿಗುವ ಈ ಸಡಿಲಿಕೆ 1.20 ಲಕ್ಷ ರೂಪಾಯಿಯ ಆವಾಸ್ ಮನೆಗೆ ಕಾದವಳಿಗೆ ಯಾಕೆ ಸಿಗಬಾರದು?

ನಮ್ಮಲ್ಲೂ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. 2023ರ ಜನವರಿ 19ರಂದು ಮಳಖೇಡದಲ್ಲಿ ರಾಯಚೂರು ಸೇರಿ 5 ಜಿಲ್ಲೆಗಳ ತಾಂಡಾಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ದಾಖಲೆಯಿಲ್ಲದ ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿದ್ದು ಸರ್ಕಾರವೇ ತಾನೆ? ಹಳ್ಳಿಯ ಮನೆಜಾಗಗಳನ್ನು ಡ್ರೋನ್‌ನಲ್ಲಿ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲೇ ಶುರುವಾಗಿದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಭೂ ಕಂದಾಯ ಕಾಯ್ದೆಯ 94ಸಿ ಇದೆ. ದಾರಿಗಳಿವೆ, ಅವು ವಸತಿ ಪಟ್ಟಿಯ ಜೊತೆ ಕೂಡುವುದಿಲ್ಲ ಅಷ್ಟೇ.

ನಾವು ಕೇಳುವುದು ಹೆಚ್ಚಿನದೇನಲ್ಲ. ಗ್ರಾಮಸಭೆಯಲ್ಲಿ ಹೆಸರು ಓದುವ ಮೊದಲೇ ಪಂಚಾಯಿತಿ ತನ್ನ ವಹಿ ತೆಗೆದು ಯಾರ ಜಾಗ ಯಾರ ಹೆಸರಲ್ಲಿದೆ ನೋಡಲಿ. ಮಾವನೋ ಪಾಲುದಾರರೋ ಅದೇ ಸಭೆಯಲ್ಲಿ ಒಪ್ಪಿಗೆ ಬರೆದುಕೊಟ್ಟರೆ ಮೊದಲ ಕಂತಿಗೆ ಅದು ಸಾಕಾಗಲಿ, ಖಾತೆ ಬದಲಾವಣೆ ಮನೆ ಏಳುವುದರೊಳಗೆ ಆಗಲಿ. ಜಾಗವೇ ಇಲ್ಲದವರ ಪಟ್ಟಿ ಅವತ್ತೇ ತಹಶೀಲ್ದಾರರಿಗೆ ಹೋಗಲಿ. ಭೂರಹಿತರಿಗೆ ಜಾಗ ಒದಗಿಸುವ ಹೊಣೆ ರಾಜ್ಯದ್ದು ಎಂದು ಆವಾಸ್ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ.

ಮುಂದಿನ ಗ್ರಾಮಸಭೆಗೆ ಹೋಗುವವರು ಇದೊಂದು ಪ್ರಶ್ನೆ ಕೇಳಿ: ಹೋದ ಸಲ ಪಟ್ಟಿಯಲ್ಲಿದ್ದು ಕಾಗದಕ್ಕಾಗಿ ಬಿಟ್ಟುಹೋದವರು ಎಷ್ಟು ಮಂದಿ? ಆ ಲೆಕ್ಕವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಬನ್ನಿ.