ಕಂಪನಿ ತೆರಿಗೆ ಇಳಿಯಿತು, ಡೀಸೆಲ್ ಸುಂಕ ಏರಿತು

ಮಾಗನೂರು: ಆದಾಯ ತೆರಿಗೆ ಕಟ್ಟದ ರೈತ ಸರ್ಕಾರಕ್ಕೆ ಏನೂ ಕೊಡುವುದಿಲ್ಲ ಎಂಬ ಮಾತಿದೆ. ಆದರೆ ಟ್ರ್ಯಾಕ್ಟರಿಗೆ ಹಾಕಿಸುವ ಪ್ರತಿ ಲೀಟರ್ ಡೀಸೆಲ್‌ನಲ್ಲೂ ಕೇಂದ್ರಕ್ಕೂ ರಾಜ್ಯಕ್ಕೂ ಪಾಲು ಹೋಗುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ, ವಿನಾಯಿತಿಗಳನ್ನು ಬಿಟ್ಟುಕೊಡುವ ದೊಡ್ಡ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಹೂಡಿಕೆ, ಉದ್ಯೋಗ ಹೆಚ್ಚುತ್ತವೆ ಎಂಬುದು ಅದರ ವಾದ. ಇಂತಹ ರಿಯಾಯಿತಿಗಳಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂ. ವರಮಾನ ಕೈಬಿಡಬೇಕಾದೀತು ಎಂದು ಸರ್ಕಾರವೇ ಅಂದಾಜಿಸಿತ್ತು.

2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ ಕಚ್ಚಾ ತೈಲ ಅಗ್ಗವಾಗಿದ್ದಾಗ, ಡೀಸೆಲ್ ಮೇಲಿನ ಸುಂಕ ಲೀಟರಿಗೆ 13 ರೂ. ಏರಿತು. ಅದರಿಂದ ಬಂಕ್ ದರ ಹೆಚ್ಚಲಿಲ್ಲ ನಿಜ. ಆದರೆ ಇಳಿಯಬೇಕಿದ್ದ ದರವೂ ಇಳಿಯಲಿಲ್ಲ. ಮುಂದೆ 2021ರ ನವೆಂಬರ್‌ನಲ್ಲಿ 10 ರೂ., 2022ರ ಮೇನಲ್ಲಿ 6 ರೂ. ಸುಂಕ ಕಡಿತವಾಯಿತು.

ಗಡಿಯ ಜನ ಕೃಷ್ಣೆಯಾಚೆಯ ರಾಯಚೂರು ದರವನ್ನೂ ನೋಡುತ್ತಾರೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ಆಗ ತೆಲಂಗಾಣದಲ್ಲಿ ಅದು ಶೇ 27 ಇತ್ತು. ಹೊಳೆ ದಾಟಿದರೆ ನಾಲ್ಕು ಕಾಸು ಉಳಿದೀತು, ತೆರಿಗೆ ತಪ್ಪದು.

ನ್ಯಾಯದ ಪ್ರಶ್ನೆ ಇರುವುದು ಇಲ್ಲೇ. ಕಂಪನಿ ತೆರಿಗೆ ಲಾಭದ ಮೇಲಿನದು. ಡೀಸೆಲ್ ತೆರಿಗೆಯನ್ನು ಎರಡು ಎಕರೆಯವನು ಬೆಳೆ ಹೋದ ವರ್ಷವೂ ಕಟ್ಟುತ್ತಾನೆ.