ಮೌನವೂ ಒಂದು ಗೋಮಾಳ

ಮೌನದ ಬಗ್ಗೆ ಒಂದು ಕವಿತೆಯನ್ನಾದರೂ ಬರೆಯದ ಕವಿ ನಮ್ಮಲ್ಲಿ ಸಿಗುವುದು ಕಷ್ಟ. ಆದರೆ ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಗೌರಿಬಿದನೂರಿನ ಹತ್ತಿರದ ಬಯಲಿನಲ್ಲಿ, ಮೌನವನ್ನೇ ಬಂಡವಾಳ ಮಾಡಿಕೊಂಡ ಕೆಲಸವೊಂದು 1976ರಿಂದ ನಡೆದಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ರಾಕೆಟ್ ಹಾರುವ ದಿನ ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂರುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಹಾರುವ ವಿಜ್ಞಾನ ನಮಗೆ ಕಾಣುತ್ತದೆ. ಕಿವಿಗೊಟ್ಟು ಕೂತ ವಿಜ್ಞಾನ ಕಾಣುವುದಿಲ್ಲ. ಹಾಗಾಗಿ ಅದರ ಕಾಲಕೆಳಗಿನ ನೆಲ ಕುಸಿಯುತ್ತಿರುವುದೂ ತಿಳಿಯುವುದಿಲ್ಲ. ನನ್ನ ತಕರಾರು ಇಷ್ಟು: ರೇಡಿಯೋ ಮೌನ ಕೆರೆ, ಗೋಮಾಳಗಳಂತೆ ಎಲ್ಲರ ಆಸ್ತಿ. ಅದನ್ನು ಯಾರಿಗೂ ಸೇರದ ಖಾಲಿ ಜಾಗವೆಂದು ಬಗೆದು ದಿನಕ್ಕಿಷ್ಟು ಒತ್ತುವರಿ ಮಾಡಲಾಗುತ್ತಿದೆ, ನಾವು ಸುಮ್ಮನಿದ್ದೇವೆ.

ಗೌರಿಬಿದನೂರಿನ ಕೇಂದ್ರವನ್ನು ಕಟ್ಟಿದ್ದು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ. ಅಲ್ಲಿ ಗುಮ್ಮಟವಿಲ್ಲ, ಮಸೂರವಿಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ, ಸಾವಿರ ಆಂಟೆನಾಗಳನ್ನು ನೆಟ್ಟರು. ದೂರದಿಂದ ನೋಡಿದವರಿಗೆ ಅದು ದ್ರಾಕ್ಷಿ ಚಪ್ಪರಕ್ಕೆ ಹೂತ ಕಂಬಗಳಂತೆ ಕಂಡರೆ ತಪ್ಪಿಲ್ಲ. 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು ಒಂಬತ್ತು ಮೀಟರ್ ಉದ್ದದ ಅಲೆಗಳಲ್ಲಿ, ಆಕಾಶದ ಬಹುಭಾಗ ಹೇಗಿದೆಯೆಂಬ ನಕ್ಷೆ ಅಲ್ಲಿ ತಯಾರಾಯಿತು. ದ್ವಾರಕಾನಾಥ್ ಮತ್ತು ಉದಯಶಂಕರ್ ಅದನ್ನು ಪ್ರಕಟಿಸಿದ್ದು 1990ರಲ್ಲಿ. 1997ರಿಂದ ಅಲ್ಲಿನ ಇನ್ನೊಂದು ಉಪಕರಣ ಸೂರ್ಯನ ಹೊರವಾತಾವರಣವನ್ನು ಗಮನಿಸುತ್ತಿದೆ.

ಇಂಥ ಕಡೆ ದಿನ ಹೇಗೆ ಕಳೆಯುತ್ತದೆ? ನಕ್ಷತ್ರ ನೋಡುತ್ತ ಮೈಮರೆಯುವ ವಿಜ್ಞಾನಿಯ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅಳಿಸಿಬಿಡಿ. ಆಕಾಶದಿಂದ ಬರುವ ಸಂಕೇತವನ್ನು ಅಳೆಯುವ ಮಾನ ಜಾನ್ಸ್ಕಿ. ದಶಮಾಂಶ ಬಿಂದುವಿನ ನಂತರ ಇಪ್ಪತ್ತೈದು ಸೊನ್ನೆ ಹಾಕಿ ಒಂದು ಬರೆದರೆ ಎಷ್ಟು ವಾಟ್ ಆಗುತ್ತದೋ ಅಷ್ಟು, ಅದೂ ಪ್ರತಿ ಚದರ ಮೀಟರಿಗೆ, ಪ್ರತಿ ಹರ್ಟ್ಸ್‌ಗೆ. ಇದರ ಪಕ್ಕದಲ್ಲಿ ವಿದ್ಯುತ್ ಕಂಬದ ಮೇಲೆ ಕಿಡಿ ಹಾರಿಸುವ ಒಡಕು ಇನ್ಸುಲೇಟರ್ ಸಿಡಿಲಿದ್ದಂತೆ. ಬೈಕಿನ ಸ್ಪಾರ್ಕ್ ಪ್ಲಗ್ಗು, ಅಗ್ಗದ ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟು ಎಲ್ಲವೂ ಸದ್ದು ಮಾಡುತ್ತವೆ. ಆದ್ದರಿಂದ ರೇಡಿಯೋ ಖಗೋಳದಲ್ಲಿ ಬಹಳಷ್ಟು ಹೊತ್ತು ಹೋಗುವುದು ಆಕಾಶದ್ದಾವುದು, ನಮ್ಮದಾವುದು ಎಂದು ಬೇರ್ಪಡಿಸುವುದರಲ್ಲಿ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವರ್ಷಗಟ್ಟಲೆ ತಲೆಕೆಡಿಸಿದ ವಿಚಿತ್ರ ಸಂಕೇತಗಳ ಮೂಲ 2015ರಲ್ಲಿ ಪತ್ತೆಯಾಯಿತು: ಯಾರೋ ಅವಸರದಲ್ಲಿ ಮೈಕ್ರೋವೇವ್ ಒಲೆಯನ್ನು ಆರಿಸದೆಯೇ ಬಾಗಿಲು ತೆಗೆಯುತ್ತಿದ್ದರು! ಜೊಳ್ಳು ಕೇರಿ ಕಾಳು ಉಳಿಸುವ ಕೆಲಸವಿದು. ಮೊರದ ತುಂಬ ಜೊಳ್ಳೇ ಆದರೆ ಕೇರಿ ಏನು ಫಲ?

ಉತ್ಪ್ರೇಕ್ಷೆ ಎನ್ನುವವರಿಗೆ ಒಂದು ಉದಾಹರಣೆ. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕದ ಗುರುತು 78 ಮೆಗಾಹರ್ಟ್ಸ್ ಬಳಿ ಸಿಕ್ಕಿದೆಯೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಅದು ನಿಜವೇ ಎಂದು ಪರೀಕ್ಷೆಗೆ ಒಡ್ಡಿದ್ದು ರಾಮನ್ ಸಂಸ್ಥೆಯವರು ಕಟ್ಟಿದ ಸಾರಸ್ ಎಂಬ ಉಪಕರಣ. ಆಂಟೆನಾದ ಕೆಳಗಿನ ಮಣ್ಣು, ಬಂಡೆಗಳ ಪದರಗಳೂ ಅಳತೆ ಕೆಡಿಸುತ್ತವೆ. ನೀರಾದರೆ ಒಂದೇ ಸಮ. ಹಾಗಾಗಿ 2020ರ ಆರಂಭದಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೆಪ್ಪದಂತೆ ತೇಲಿಬಿಟ್ಟರು. ಅಮೆರಿಕದವರು ಹೇಳಿದ ಗುರುತು ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಸಾಮಾನ್ಯ ಎಫ್‌ಎಂ ಶುರುವಾಗುವುದೇ 87.5ರಿಂದ. ಅಂದರೆ ಹಾಡು, ಜಾಹೀರಾತುಗಳ ಪಕ್ಕದ ಮನೆಯಲ್ಲೇ ವಿಶ್ವದ ಬಾಲ್ಯದ ಪಿಸುಮಾತನ್ನು ಹುಡುಕಬೇಕು. ಜಲಜನಕದ ಮೂಲ ಅಲೆಗೆಂದು 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯನ್ನು ಅಂತರರಾಷ್ಟ್ರೀಯ ನಿಯಮ ಕಾಯ್ದಿರಿಸಿದೆ. ಆದರೆ ಅಷ್ಟು ಹಳೆಯ ಅಲೆ ವಿಶ್ವದ ಜೊತೆ ತಾನೂ ಹಿಗ್ಗಿ, ಆ ಬೇಲಿಯಿಂದ ಬಹಳ ಹೊರಗೆ ಬಂದು ನಿಂತಿದೆ.

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಶರಾವತಿಯ ಹಿನ್ನೀರು ಹೇಗೆ ಹುಟ್ಟಿತೆಂದು ನಮಗೆ ಗೊತ್ತು. ಊರುಗಳು ಮುಳುಗಿದ ಮೇಲೆ ಉಳಿದ ನೀರು ಅದು. ಒಬ್ಬರ ಮೌನಕ್ಕೆ ಇನ್ನೊಬ್ಬರು ಎಷ್ಟು ಸಲ ಬೆಲೆ ತೆರಬೇಕು? ಪುಣೆ ಬಳಿಯ ಖೋಡದ್‌ನಲ್ಲಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ, ತಲಾ 45 ಮೀಟರ್ ಅಗಲದ ಮೂವತ್ತು ತಟ್ಟೆಗಳ ದೂರದರ್ಶಕವಿದೆ. ಪುಣೆ ನಾಶಿಕ್ ನಡುವಿನ ಹೊಸ ರೈಲುಮಾರ್ಗ ಅದರ ಹತ್ತಿರ ಹಾಯುತ್ತದೆಂಬ ಕಾರಣಕ್ಕೆ ದಾರಿ ಬದಲಿಸುವ ಮಾತು ಬಂದಾಗ ಆ ಭಾಗದ ಜನ ಸಿಟ್ಟಾದರು. ಆ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕುವವರ ಪರ ನಾನಿಲ್ಲ. ರೈಲು ಬೇಕೆನ್ನುವ ರೈತ ವಿಜ್ಞಾನದ ವೈರಿಯಲ್ಲ.

ಆದರೆ ಲೆಕ್ಕ ಅಲ್ಲಿಗೇ ನಿಲ್ಲಿಸುವುದು ಮೋಸ. ನೆದರ್‌ಲೆಂಡ್ಸ್‌ನ ಲೋಫಾರ್ ದೂರದರ್ಶಕ 68 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಗಮನಿಸಿ, ಅವುಗಳಲ್ಲಿ 47 ಉಪಗ್ರಹಗಳ ವಿದ್ಯುನ್ಮಾನ ಭಾಗಗಳಿಂದ ಸದ್ದು ಸೋರುತ್ತಿದೆಯೆಂದು 2023ರಲ್ಲಿ ವರದಿ ಮಾಡಿತು. ಮರುವರ್ಷದ ವರದಿಯಲ್ಲಿ ಎರಡನೇ ಪೀಳಿಗೆಯ ಉಪಗ್ರಹಗಳ ಸೋರಿಕೆ 32 ಪಟ್ಟಿನವರೆಗೂ ಹೆಚ್ಚಿತ್ತು. ಇವು ಯಾವ ಗ್ರಾಮ ಪಂಚಾಯಿತಿಯ ಗಡಿಗೂ ಸೇರಿಲ್ಲ. ಎಲ್ಲರ ನೆತ್ತಿಯ ಮೇಲೂ ಹಾಯುತ್ತವೆ. ಹಳ್ಳಿಯವನಿಗೆ ಮೋಟಾರು ಹಾಕಬೇಡ ಎನ್ನಬಹುದು, ಆಕಾಶಕ್ಕೆ ಸಾವಿರಗಟ್ಟಲೆ ಪೆಟ್ಟಿಗೆ ತೂರುವ ಕಂಪನಿಗೆ ಏನೂ ಹೇಳಲಾಗದು ಎಂದರೆ ಅದು ಯಾವ ನ್ಯಾಯ? ಗೋಮಾಳದಲ್ಲಿ ಗುಡಿಸಲು ಹಾಕಿದವನಿಗೆ ನೋಟಿಸು, ಲೇಔಟ್ ಮಾಡಿದವನಿಗೆ ಸಕ್ರಮ. ಈ ಕಥೆ ನಮಗೆ ಹೊಸತಲ್ಲ.

ಹಾಗಾದರೆ ಆಗಬೇಕಾದ್ದು ಏನು? ಮೊದಲು ಸರ್ಕಾರ. ದಕ್ಷಿಣ ಆಫ್ರಿಕಾ 2007ರಲ್ಲೇ ಖಗೋಳ ವೀಕ್ಷಣೆಗೆ ತಕ್ಕ ಪ್ರದೇಶಗಳ ರಕ್ಷಣೆಗೆ ಕಾನೂನು ಮಾಡಿತು. ನಾವೂ ರೈಲು, ಟವರು, ಕೈಗಾರಿಕೆಗಳ ನಕ್ಷೆ ಬರೆಯುವಾಗಲೇ ಮೌನದ ಗಡಿಯನ್ನು ಗುರುತಿಸಬೇಕು. ಅದರಿಂದ ಊರಿಗಾಗುವ ನಷ್ಟವನ್ನು ದೇಶ ತುಂಬಿಕೊಡಬೇಕು. ಆಮೇಲೆ ವಿಜ್ಞಾನ ಸಂಸ್ಥೆಗಳು. ಬೇಲಿಯಾಚೆಯ ಊರಿಗೆ ಅದರದೇ ಭಾಷೆಯಲ್ಲಿ ತಮ್ಮ ಕೆಲಸ ತಿಳಿಸುವುದು ವರ್ಷಕ್ಕೊಮ್ಮೆ ಮಾಡುವ ಉಪಕಾರವಲ್ಲ, ಸಂಬಳ ಪಡೆಯುವ ಕೆಲಸದ್ದೇ ಭಾಗ. ಕಿಡಿ ಹಾರುವ ಇನ್ಸುಲೇಟರನ್ನು ಬದಲಿಸಿದರೆ ಆಂಟೆನಾಕ್ಕೂ ಒಳ್ಳೆಯದು, ಊರಿನ ಕರೆಂಟಿಗೂ ಒಳ್ಳೆಯದು. ಇದನ್ನು ಜನಕ್ಕೆ ಕನ್ನಡದಲ್ಲಿ ಹೇಳುವವರು ಬೇಕು.

ಕೊನೆಗೆ ನಾವು, ಓದುವ ಬರೆಯುವ ಮಂದಿ. ಕೆರೆ ಮುಚ್ಚಿದಾಗ, ಕಾಡು ಕಡಿದಾಗ ಕನ್ನಡದ ಲೇಖಕರು ಬೀದಿಗೆ ಇಳಿದದ್ದುಂಟು. ಅಲ್ಲಿ ಕಣ್ಣಿಗೆ ಕಾಣುವ ಗಾಯವಿತ್ತು. ಇಲ್ಲಿ ಮರ ಉರುಳುವುದಿಲ್ಲ, ನೀರು ಬತ್ತುವುದಿಲ್ಲ; ದಾಖಲಾಗುವ ಮಾಹಿತಿಯಲ್ಲಿ ಆಕಾಶದ ಪಾಲು ಕಡಿಮೆಯಾಗುತ್ತ ಹೋಗುತ್ತದೆ, ಅಷ್ಟೇ. ಹಿಂದೆ ಸದ್ದಿಲ್ಲದ ಜಾಗ ಹುಡುಕಿ ಕೆರೆಗೆ ಹೋದರು, ಹಿನ್ನೀರಿಗೆ ಹೋದರು. ನೆತ್ತಿಯ ಮೇಲೇ ಸದ್ದು ತುಂಬಿದ ಮೇಲೆ ಹೋಗಲು ಜಾಗ ಉಳಿಯುವುದಿಲ್ಲ. ಅದಕ್ಕೆ ಮುಂಚೆ ಈ ಒತ್ತುವರಿಯ ವಿರುದ್ಧ ಒಂದು ಅರ್ಜಿಯನ್ನಾದರೂ ಬರೆಯೋಣ.